ಹಳದಿ ಎಳೆ ಕಟ್ಟಿದ ವಾಲ್ವುಗಳು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಯೇ ಎಂದು ಕೇಳಿದರೆ ಅದಕ್ಕೂ ಸರಿಯಾಗಿ ಉತ್ತರ ಹೇಳಲಾರೆ. ವಾಯುಪಡೆಯಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು ನಾನು. ಹೊದಿಕೆ ಮಡಿಸುವುದರಿಂದ ಹಿಡಿದು ಸ್ಕ್ರೂಡ್ರೈವರ್ ಇಡುವ ಜಾಗದವರೆಗೆ ಎಲ್ಲಕ್ಕೂ ಒಂದು ಕ್ರಮ ಇರಬೇಕೆಂದು ಮೀಸೆ ಮೂಡುವ ಮೊದಲೇ ಕಲಿಸಿದ್ದರು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮನೆಗೆ ಬಂದವರು ಯಾರಾದರೂ ದೆವ್ವದ ಕಥೆ ಶುರುಮಾಡಿದರೆ, ಮೊದಲು ಮನೆಯ ವೈರಿಂಗ್ ನೋಡಿಸಿ ಎನ್ನುತ್ತಿದ್ದೆ. ತಮಾಷೆಗೆ ಹೇಳುತ್ತಿದ್ದ ಮಾತಲ್ಲ ಅದು. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಮಾತ್ರ ಇವತ್ತಿನವರೆಗೂ ನನಗೆ ಕಾರಣ ಸಿಕ್ಕಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಓದಿದವರಿಗೆ ಏನಾದರೂ ಹೊಳೆದರೆ ನನಗೂ ನೆಮ್ಮದಿ.

ನಾವಿರುವುದು ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿಯಲ್ಲಿ. ನಮ್ಮ ಮನೆಯಲ್ಲಿ ಮಗ್ಗ ನನ್ನ ತಾತನ ಕಾಲಕ್ಕೇ ನಿಂತುಹೋಯಿತು. ಹೆಂಡತಿ ಶಾರದಳ ತವರು ಇದೇ ಬೀದಿಯ ಆಚೆ ತುದಿ. ಅಲ್ಲಿ ಇಂದಿಗೂ ಪವರ್‌ಲೂಮ್ ಓಡುತ್ತದೆ. ನಾನು ನೌಕರಿಯಲ್ಲಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಅವಳು ತವರಿನಲ್ಲೇ ಉಳಿದು ಮಗ್ಗ ನಡೆಸಿದಳು. ದಿನವಿಡೀ ಆ ಸದ್ದಿನಲ್ಲಿ ನಿಂತವರ ಕಿವಿ ಉಳಿಯುವುದಿಲ್ಲ. ನಮ್ಮ ಬೀದಿಯಲ್ಲಿ ವಯಸ್ಸಾದ ಹೆಂಗಸರು ಮುಕ್ಕಾಲು ಪಾಲು ಹಾಗೆಯೇ. ಮಗ್ಗದ ಮನೆಯಲ್ಲಿ ಕೂಗಿ ಪ್ರಯೋಜನವಿಲ್ಲದ್ದರಿಂದ ಅವರು ಬರೀ ತುಟಿ ಆಡಿಸಿ ಮಾತಾಡುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಶಾರದಳ ಕಿವಿ ಮೊದಲು ಮಂದವಾಯಿತು, ನಾನು ನಿವೃತ್ತನಾಗಿ ಬರುವ ಹೊತ್ತಿಗೆ ಪೂರ್ತಿ ಹೋಗಿತ್ತು. ಕಿವಿಗೆ ಹಾಕುವ ಮಿಷನ್ ಕೊಡಿಸಿದೆ. ಅದರಿಂದಲೂ ಏನೂ ಕೇಳಿಸುವುದಿಲ್ಲ, ಬರೀ ಕಿವಿ ನವೆಯುತ್ತದೆ ಎಂದು ಬೀರುವಿಗೆ ಹಾಕಿದಳು. ಬೆನ್ನ ಹಿಂದೆ ಕುಕ್ಕರ್ ಕೂಗಿದರೂ ತಿರುಗುತ್ತಿರಲಿಲ್ಲ.

ನನ್ನದೊಂದೇ ಚಟ, ಹಾಡು ಕೇಳುವುದು. ಅದಕ್ಕಾಗಿ ನಾನೇ ಕೂತು ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಿಕೊಂಡಿದ್ದೇನೆ. ವಾಲ್ವ್ ಎಂದರೆ ಹಳೆಯ ರೇಡಿಯೋಗಳ ಒಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ. ಈಗಿನವರು ಅದನ್ನು ನೋಡಿರುವುದು ಕಡಿಮೆ. ಬಳಸುತ್ತಾ ಹೋದಂತೆ ಅದರ ಶಕ್ತಿ ಕುಂದುತ್ತದೆ. ಆ ವರ್ಷ ನನ್ನ ಸೆಟ್ಟಿನಲ್ಲಿ ಹಾಡಿನ ಜೊತೆ ಒಂದು ಗುಂಯ್‌ಗುಟ್ಟುವಿಕೆ ಶುರುವಾಯಿತು, ಔಟ್‌ಪುಟ್ ವಾಲ್ವುಗಳನ್ನು ಬದಲಾಯಿಸಲೇಬೇಕಾಯಿತು. ಮೂರು ಜೋಡಿ ಹೊಂದಿಸಿಕೊಂಡೆ. ಒಂದು, ಆನ್‌ಲೈನಿನಲ್ಲಿ ತರಿಸಿದ ಹೊಸದು. ಇನ್ನೊಂದು, ಬೆಂಗಳೂರಿನ ಹಳೆ ಅಂಗಡಿಯೊಂದರಲ್ಲಿ ಡಬ್ಬಿ ಒಡೆಯದೆ ಉಳಿದಿದ್ದದ್ದು. ಮೂರನೆಯದು, ರಾಜಘಟ್ಟದ ಕಡೆ ಎಂದೋ ಮುಚ್ಚಿದ್ದ ಟೆಂಟ್ ಸಿನಿಮಾದ ಆಂಪ್ಲಿಫೈಯರಿನಿಂದ ಬಿಚ್ಚಿದ್ದು. ಗುಜರಿಯವನ ಹತ್ತಿರ ಕಣ್ಣಿಗೆ ಬಿದ್ದಿತ್ತು.

ಯಾವ ಜೋಡಿ ಚೆನ್ನ ಎಂಬುದನ್ನು ಕಣ್ಣು ಬಿಟ್ಟುಕೊಂಡು ತೀರ್ಮಾನಿಸಬಾರದು. ಹೊಸದು ಎಂದು ಗೊತ್ತಿದ್ದರೆ ಕಿವಿ ಹೊಸದನ್ನೇ ಹೊಗಳುತ್ತದೆ. ಆದ್ದರಿಂದ ನನಗೆ ಕಾಣದಂತೆ ಬೇರೊಬ್ಬರು ವಾಲ್ವ್ ಬದಲಾಯಿಸಬೇಕು, ನಾನು ಅದೇ ಕುರ್ಚಿಯಲ್ಲಿ ಕೂತು ಅದೇ ಹಾಡಿನ ಅದೇ ಚರಣ ಕೇಳಬೇಕು, ವಾಲ್ಯೂಮ್ ಗುಂಡಿ ಮುಟ್ಟಬಾರದು ಎಂದು ನಿಯಮ ಮಾಡಿದೆ. ಬೀದಿಯಲ್ಲಿ ಮಗ್ಗಗಳು ಓಡುತ್ತಿದ್ದರೆ ನೆಲವೇ ಅದುರುತ್ತದೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಅಮಾವಾಸ್ಯೆಯ ಮಧ್ಯಾಹ್ನವನ್ನೇ ಗೊತ್ತುಮಾಡಿದೆ. ವಾಲ್ವ್ ಬದಲಾಯಿಸಲು ಶಾರದಳ ತಮ್ಮ ನಾಗರಾಜನನ್ನು ಕರೆದೆ. ತವರಿನ ಮಗ್ಗವನ್ನು ಈಗ ನಡೆಸುತ್ತಿರುವವನು ಅವನೇ. ಅವತ್ತು ಅವನಿಗೂ ರಜೆ.

ಅವನು ಬಂದವನೇ ಪ್ರತಿ ಜೋಡಿಯ ಕರಿ ಬುಡಕ್ಕೆ ಒಂದೊಂದು ಬಣ್ಣದ ರೇಷ್ಮೆ ಎಳೆ ಕಟ್ಟಿದ. ಹೊಸದಕ್ಕೆ ಕೆಂಪು, ಅಂಗಡಿಯದಕ್ಕೆ ಹಸಿರು, ಟೆಂಟಿನದಕ್ಕೆ ಹಳದಿ. ಸೆಟ್ಟಿಗೂ ನನಗೂ ನಡುವೆ ಪಂಚೆ ಅಡ್ಡ ಕಟ್ಟಿದ.

"ಭಾವ, ಹೆಣ್ಣು ನೋಡೋ ಶಾಸ್ತ್ರದಲ್ಲೂ ಇಷ್ಟು ಮರೆ ಇರಲ್ಲ," ಎಂದ.

ಒಂದು ಸುತ್ತು ಮುಗಿಯಿತು. ನನಗೆ ಹಸಿರು ಜೋಡಿ ಹಿಡಿಸಿತು, ಆದರೆ ಅದು ಹಸಿರೆಂದು ತಿಳಿದದ್ದು ಆಮೇಲೆ. ಮೊದಲ ಸುತ್ತಿನ ಹೊತ್ತಿಗೆ ಹೊರಗೆ ಹೋಗಿದ್ದ ಶಾರದ ಎರಡನೆಯ ಸುತ್ತು ನಡೆಯುವಾಗ ನಡುಮನೆಯಲ್ಲಿ ನಮಗೆ ಬೆನ್ನು ಹಾಕಿ ಅವರೆಕಾಯಿ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಬಾಗಿಲಿಗೆ ಬಂದಳು. ಮುಖದಲ್ಲಿ ಸಿಟ್ಟಿತ್ತು.

"ನಾಗ, ಅಮಾಸೆ ದಿನ ನಿನ್ನ ಮಗ್ಗ ಓಡಿಸ್ತಾ ಇರೋರು ಯಾರೋ?" ಎಂದಳು.

ನಾಗರಾಜ ನಕ್ಕ. ಮಗ್ಗದ ಮನೆಗೆ ಬೀಗ ಹಾಕಿದೆ, ಬೀಗದಕೈ ಇಲ್ಲೇ ಇದೆ ಎಂದು ಸೊಂಟ ತೋರಿಸಿದ. ಅವಳು ಒಪ್ಪಲಿಲ್ಲ. ತಾನೇ ಅಷ್ಟು ವರ್ಷ ನಡೆಸಿದ ಮಗ್ಗದ ಸದ್ದು ತನಗೆ ಗೊತ್ತಿಲ್ಲವೇ ಎಂದಳು. ಅದು ನಿಜ. ಆ ಮಗ್ಗದಲ್ಲಿ ನೂಲು ಹೊತ್ತು ಆಚೀಚೆ ಓಡುವ ಲಾಳಿ ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ಮೆತ್ತಗೆ ಬಡಿಯುತ್ತದೆ. ಬೀದಿಯವರು ಅದನ್ನು ಕುಂಟು ಮಗ್ಗ ಎಂದೇ ಕರೆಯುತ್ತಾರೆ. ಆದರೆ ಹೊರಗೆ ಬೀದಿಯೆಲ್ಲ ಮೌನವಾಗಿತ್ತು. ನನಗೆ ಕೇಳುತ್ತಿದ್ದದ್ದು ಸ್ಪೀಕರಿನ ಹಾಡು ಮಾತ್ರ. ಅದಕ್ಕಿಂತ ಮುಖ್ಯವಾಗಿ, ಅವಳಿಗೆ ಯಾವ ಸದ್ದೂ ಕೇಳದೆ ವರ್ಷಗಳಾಗಿದ್ದವು. ಅದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತೆಂದು ಕಾಣುತ್ತದೆ. ನಾಗರಾಜನ ನಗು ನಿಂತಿತು.

ನಾನು ಸೆಟ್ಟು ಆರಿಸಿದೆ. ಅವಳು ತಲೆ ಓರೆ ಮಾಡಿ, ಈಗ ನಿಂತಿತು ಎಂದಳು.

ನಾನು ಗಾಬರಿಯಾಗಲಿಲ್ಲ. ದೋಷ ಹುಡುಕುವ ಕೆಲಸಕ್ಕೆ ಇಳಿದೆ. ಹಳೆಯ ವಾಲ್ವುಗಳಲ್ಲಿ ಕೆಲವಕ್ಕೆ ಒಂದು ಗುಣವಿರುತ್ತದೆ. ಹತ್ತಿರದಲ್ಲಿ ಏನಾದರೂ ಅದುರಿದರೆ ಆ ಅದುರು ಸ್ಪೀಕರಿನಲ್ಲಿ ಸದ್ದಾಗಿ ಬರುತ್ತದೆ. ಸ್ಪೀಕರಿನ ಅದುರು ನೆಲದ ಮೂಲಕ ಇವಳ ಕಾಲಿಗೆ ತಾಕಿರಬಹುದು ಎಂದುಕೊಂಡೆ. ಅವಳನ್ನು ಮಂಚದ ಮೇಲೆ, ದಪ್ಪ ಹತ್ತಿಯ ಹಾಸಿಗೆಯಲ್ಲಿ ಕಾಲು ಮಡಿಸಿ, ಗೋಡೆಗೆ ಮುಖ ಮಾಡಿ ಕೂರಿಸಿದೆ. ಸದ್ದು ಕೇಳಿದರೆ ಕೈ ಎತ್ತು ಎಂದು ಅದಕ್ಕೆ ಮೊದಲೇ ಹೇಳಿದ್ದೆ. ನಾಗರಾಜ ತನಗೆ ತೋಚಿದ ಕ್ರಮದಲ್ಲಿ ವಾಲ್ವ್ ಬದಲಾಯಿಸುತ್ತಾ ಹೋದ. ಬಿಸಿ ಆರುವವರೆಗೆ ಕಾದು, ಬಟ್ಟೆ ಹಿಡಿದು ಕೀಳುವುದು, ಬೇರೆ ಜೋಡಿ ಕೂರಿಸಿ ಕಾಯಿಸುವುದು. ಕೆಂಪಿಗೆ ಅವಳ ಕೈ ಏಳಲಿಲ್ಲ. ಹಸಿರಿಗೆ ಏಳಲಿಲ್ಲ. ಹಳದಿ ಎಳೆಯ ಜೋಡಿ ಬಂದಾಗಲೆಲ್ಲ ಎದ್ದಿತು. ಒಂದು ಸಲವೂ ತಪ್ಪಲಿಲ್ಲ. ಕೊನೆಯ ಸಲ ಕೈ ಎತ್ತಿದವಳು ಇಳಿಸಲೇ ಇಲ್ಲ.

"ಎಳೆ ಕಿತ್ತೋಗೈತೆ," ಎಂದಳು ಗೋಡೆಗೆ ಮುಖ ಮಾಡಿಕೊಂಡೇ. "ಕಿತ್ತೋದ್ರೂ ಓಡ್ತಾನೇ ಐತೆ. ನಿಲ್ಸೋರು ಯಾರೂ ಇಲ್ಲ."

ಈ ಮಾತಿನ ಅರ್ಥ ನೇಕಾರರಲ್ಲದವರಿಗೆ ಹೇಳಬೇಕು. ಎಳೆ ಕಿತ್ತ ಮೇಲೂ ಮಗ್ಗ ಓಡಿದರೆ ಬಟ್ಟೆ ಕೆಡುತ್ತದೆ. ಮುಂದೆ ನಿಂತವನು ಒಡನೆ ನಿಲ್ಲಿಸಿಯೇ ನಿಲ್ಲಿಸುತ್ತಾನೆ. ನಿಲ್ಲಿಸದಿದ್ದರೆ ಅವನಿಗೇ ಏನೋ ಆಗಿದೆ ಎಂದು ಅರ್ಥ. ಈ ಅಕ್ಕ-ತಮ್ಮನ ತಂದೆ ಹೋದದ್ದು ಹಾಗೆಯೇ. ಒಬ್ಬರೇ ಮಗ್ಗದ ಮುಂದೆ ಇದ್ದಾಗ ಎದೆ ಹಿಡಿದುಕೊಂಡು ಕುಸಿದರು, ಮಗ್ಗ ಓಡುತ್ತಲೇ ಇತ್ತು. ಸದ್ದು ಬದಲಾದದ್ದನ್ನು ಕೇಳಿ ಮೊದಲು ಒಳಗೆ ಓಡಿದವಳು ಶಾರದ. ಅದೇ ಮಗ್ಗದ ಮುಂದೆ ಈಗ ನಿಲ್ಲುವವನು ನಾಗರಾಜ.

ಅವನು ಚಪ್ಪಲಿಯನ್ನೂ ಮೆಟ್ಟದೆ ತನ್ನ ಮನೆಗೆ ಹೋದ. ನಾನೂ ಹಿಂದೆಯೇ ಹೋದೆ. ಬೀಗ ಹಾಕಿದಂತೆಯೇ ಇತ್ತು, ಮೇನ್ ಸ್ವಿಚ್ ಇಳಿದಿತ್ತು. ಮೋಟಾರು ತಣ್ಣಗಿತ್ತು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಕೈ ಆಡಿಸಿ ನೋಡಿದ, ಒಂದೂ ಕಿತ್ತಿರಲಿಲ್ಲ. ಅದು ಅವನಿಗೆ ಸಮಾಧಾನ ತರಬೇಕಿತ್ತು. "ಇನ್ನೂ ಕಿತ್ತಿಲ್ಲ ಭಾವ," ಎಂದ. ಆ 'ಇನ್ನೂ' ನನಗೆ ಸರಿಕಾಣಲಿಲ್ಲ.

ಆಮೇಲಿನ ದಿನಗಳು ಕಷ್ಟದವು. ಮರುದಿನ ಅವನು ಮಗ್ಗದ ಮನೆ ತೆರೆಯುತ್ತಿದ್ದಂತೆ ಶಾರದ ಹೋಗಿ ಸ್ವಿಚ್ಚಿಗೆ ಅಡ್ಡ ನಿಂತಳು. ನಾನು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೃದಯ ಪರೀಕ್ಷೆ ಮಾಡಿಸಿದೆ. ವೈದ್ಯರು ಏನೂ ತೊಂದರೆಯಿಲ್ಲ ಎಂದರು. ವೈದ್ಯರ ಮಾತು ಅಕ್ಕ-ತಮ್ಮ ಇಬ್ಬರಿಗೂ ನಾಟಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ನಾಗರಾಜ ಒಬ್ಬನೇ ಮಗ್ಗದ ಹತ್ತಿರ ಹೋಗಬಾರದು, ಓಡುವಷ್ಟು ಹೊತ್ತೂ ಅವನ ಹೆಂಡತಿ ಮಂಜುಳ ಪಕ್ಕದಲ್ಲೇ ಕೂತಿರಬೇಕು. ಅದಕ್ಕಾಗಿ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದನ್ನೇ ಬಿಡಬೇಕಾಯಿತು. ಮಂಜುಳ ಜಗಳವಾಡುವವಳಲ್ಲ. ಆದರೂ ಒಂದು ಸಂಜೆ ನಮ್ಮ ಮನೆಗೆ ಬಂದು, ನಿಮ್ಮ ಒಂದು ಹಾಡಿನ ಪೆಟ್ಟಿಗೆಯಿಂದ ನನ್ನ ಗಂಡ ಬದುಕಿದ್ದಾಗಲೇ ಹೆಣದ ಹಾಗಾಗಿದ್ದಾನೆ ಅಣ್ಣ ಎಂದಳು. ಅದರಲ್ಲಿ ಸುಳ್ಳಿರಲಿಲ್ಲ. ಅವನು ಊಟ ಬಿಟ್ಟಿದ್ದ. ಲಾಳಿ ಸ್ವಲ್ಪ ತಡವರಿಸಿದರೂ ಎದೆ ಮುಟ್ಟಿಕೊಳ್ಳುತ್ತಿದ್ದ. ಹೀಗೆಯೇ ಮುಂದುವರಿದರೆ ಭಯವೇ ಅವನನ್ನು ಮುಗಿಸುತ್ತದೆ ಎನಿಸಿತು.

ಇನ್ನೊಮ್ಮೆ ಕೇಳಿ ನೋಡೋಣ ಎಂದದ್ದು ಶಾರದಳೇ. ಮುಂದಿನ ಅಮಾವಾಸ್ಯೆಗೆ ಕಾದೆವು. ನಾಗರಾಜ ಬಂದು ಹೊಸಿಲ ಹತ್ತಿರ ಕೂತ. ಈ ಸಲ ಪಂಚೆಯ ಮರೆ ಇರಲಿಲ್ಲ, ನಾನೇ ಹಳದಿ ಎಳೆಯ ಜೋಡಿಯನ್ನು ಕೂರಿಸಿದೆ. ಶಾರದ ಗೋಡೆಗೆ ಮುಖ ಮಾಡಿದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ವಾಲ್ವ್ ಕಾದವು, ಹಾಡು ಬಂತು. ಪಲ್ಲವಿ ಕಳೆಯಿತು, ಚರಣ ಕಳೆಯಿತು. ಅವಳು ಕೈ ಎತ್ತಲಿಲ್ಲ. ನಾಗರಾಜ ಅಕ್ಕನ ಬೆನ್ನನ್ನೇ ನೋಡುತ್ತಿದ್ದ.

ಅವಳು ಕಣ್ಣು ಬಿಟ್ಟು ಅವನ ಕಡೆ ತಿರುಗಿದಳು.

"ನಿಂತೋಗೈತೆ ಕಣೋ. ಏನೂ ಇಲ್ಲ. ಮಂಜುಳನ್ನ ಕೆಲ್ಸಕ್ಕೆ ಕಳ್ಸು, ನೀನು ಹೋಗಿ ಹೊಟ್ಟೆ ತುಂಬ ಊಟ ಮಾಡು."

ಅವನು ಎದ್ದು ಬಂದು ಅಕ್ಕನ ಕಾಲು ಮುಟ್ಟಿದ. ಅವನ ಮುಖಕ್ಕೆ ರಕ್ತ ಮರಳಿದ್ದನ್ನು ನಾನು ಕಣ್ಣಾರೆ ನೋಡಿದೆ. ಇನ್ನು ಮೇಲೆ ನಿಮ್ಮ ಬಲ್ಬು ನೀವೇ ಬದಲಾಯಿಸಿಕೊಳ್ಳಿ ಭಾವ, ನನ್ನನ್ನು ಕರೆಯಬೇಡಿ ಎಂದು ನಗುತ್ತಾ ಹೊರಟ. ಬೀದಿಯಲ್ಲಿ ಯಾರನ್ನೋ ಮಾತಾಡಿಸುತ್ತಾ ಹೋಗುತ್ತಿದ್ದದ್ದು ಕೇಳಿಸಿತು.

ಶಾರದ ಮತ್ತೆ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ್ದಳು. ಹಾಡು ಇನ್ನೂ ನಡೆದಿತ್ತು. ಸೆಟ್ಟು ಆರಿಸೋಣವೆಂದು ಎದ್ದೆ. ಆಗ ಅವಳ ಬಲಗೈ ಕಣ್ಣಿಗೆ ಬಿತ್ತು. ತೊಡೆಯ ಮೇಲೆ ತೋರುಬೆರಳು ಬಡಿಯುತ್ತಿತ್ತು. ಒಂದು ಜೋರು, ಒಂದು ಮೆತ್ತಗೆ, ಒಂದು ಜೋರು, ಒಂದು ಮೆತ್ತಗೆ. ಹಾಡಿನ ತಾಳಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ನಾನು ಅವಳ ಬೆನ್ನ ಹಿಂದೆ ಸ್ವಿಚ್ ಆರಿಸಿದೆ. ವಾಲ್ವ್ ಸೆಟ್ಟು ಆರಿಸಿದ ತಕ್ಷಣ ನಿಲ್ಲುವುದಿಲ್ಲ, ಹಾಡು ಒಂದೆರಡು ಮಾತು ಮುಂದೆ ಸಾಗಿ ಕರಗುತ್ತದೆ. ಹಾಡು ಕರಗಿದಾಗ ಆ ಬೆರಳೂ ನಿಂತಿತು.

ಅವಳು ಎದ್ದು ಅಡುಗೆಮನೆಗೆ ಹೋದಳು. ಇವತ್ತಿನವರೆಗೂ ಆ ಬೆರಳಿನ ಮಾತು ನಮ್ಮ ನಡುವೆ ಬಂದಿಲ್ಲ.

ತಂದೆ ಸತ್ತ ದಿನದ ಸದ್ದು ಅವಳ ತಲೆಯೊಳಗೆ ಉಳಿದಿತ್ತು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಂಡಿದ್ದೇನೆ. ಆದರೆ ತಲೆಯೊಳಗಿನ ಸದ್ದಿಗೆ ಸೆಟ್ಟು ಆರಿದ್ದು ಹೇಗೆ ಗೊತ್ತಾಗಬೇಕು? ಕೆಂಪು, ಹಸಿರು, ಹಳದಿಯ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಆ ಜೋಡಿಯನ್ನು ಮತ್ತೆ ಹಾಕಿಲ್ಲ. ಎಸೆಯಲೂ ಕೈ ಬಂದಿಲ್ಲ. ನಾಗರಾಜ ಗಟ್ಟಿಮುಟ್ಟಾಗಿದ್ದಾನೆ, ಮಂಜುಳ ಕೆಲಸಕ್ಕೆ ಹೋಗುತ್ತಾಳೆ, ಅವನು ಒಬ್ಬನೇ ಮಗ್ಗ ನಡೆಸುತ್ತಾನೆ. ಬೆಳಗ್ಗೆ ಬೀದಿಯ ಆಚೆ ತುದಿಯಿಂದ ಆ ಕುಂಟು ಸದ್ದು ಶುರುವಾದಾಗ ನಾನು ಪತ್ರಿಕೆ ಹಿಡಿದು ಜಗಲಿಯ ಮೇಲೆ ಕೂರುತ್ತೇನೆ. ಓದುವುದಿಲ್ಲ, ಆ ಸದ್ದು ಬದಲಾಗುತ್ತದೇನೋ ಎಂದು ಕಿವಿಗೊಟ್ಟಿರುತ್ತೇನೆ. ಶಾರದ ಕಾಫಿ ತಂದು ಪಕ್ಕದಲ್ಲಿ ಕೂತು, ಏನೂ ಕೇಳದೆ, ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.