ಕಾಲು ಮಡಚಿ ಕೂರುವಷ್ಟು

ನನ್ನ ಹೆಂಡತಿ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಳೆಂಬುದು ಕೊಟ್ಟೂರಿನ ನಮ್ಮ ಓಣಿಗೆಲ್ಲ ಗೊತ್ತು. ಅವಳೇ ಹೇಳಿಕೊಂಡು ಬಂದಿದ್ದಳು. ಅವಳು ತೀರಿಕೊಂಡು ವರ್ಷ ತುಂಬುತ್ತ ಬಂತು. ನಾನು ದರ್ಜಿ, ಅಳತೆಯ ರವಿಕೆ ಹಿಡಿದುಕೊಂಡು ಅಂಗಡಿಗೆ ಬರುವ ಹೆಂಗಸರು ಈಗಲೂ ಮೆಲ್ಲಗೆ ಕೇಳುತ್ತಾರೆ, ‘ಅದರಿಂದ ಗುಣ ಬರತೈತೇನ್ರಿ? ಭಾಳ ರೊಕ್ಕ ಅಂತಲ್ಲ?’

ಗುಣ ಬರುತ್ತದೆ, ರೊಕ್ಕವೂ ಬಹಳ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ ಎಂದು ಹೇಳಿ ಕಳಿಸುತ್ತೇನೆ. ಅವಳಿಗೆ ಅದು ಯಾಕೆ ಬೇಕಾಗಿತ್ತು ಎಂಬುದನ್ನು ಹೊಲಿಗೆ ಯಂತ್ರದ ಮುಂದೆ ಕುಳಿತು ಹೇಳಲು ಆಗುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕಾಲು ಮಡಚಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಎಡಗೈಯಲ್ಲಿ ಲಿಂಗ ಇಡುತ್ತೇವೆ. ಪೂಜೆಗೆ ಕುಳಿತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ಉಜ್ಜಿನಿಯಲ್ಲಿದ್ದ ನನ್ನ ಅತ್ತೆ ದಪ್ಪ ಮೈಯವರು. ಕೊನೆಯ ವರ್ಷಗಳಲ್ಲಿ ಮೊಣಕಾಲು ಗಟ್ಟಿಯಾಗಿ ಮಂಚದಿಂದ ಇಳಿದಿರಲಿಲ್ಲ. ಅವರು ಹೋದ ದಿನ ಕಾಲು ಮಡಚಲು ಬರಲಿಲ್ಲ. ಹಿರಿಯರಿಬ್ಬರು ಭಾರ ಹಾಕಿ ಒತ್ತಿದರು. ಏನೋ ಮುರಿದಂಥ ಸದ್ದಾಯಿತು. ಆಗ ಅತ್ತೆಯ ಹೆಗಲು ಹಿಡಿದು ಕುಳಿತಿದ್ದವಳು ನನ್ನ ಹೆಂಡತಿ.

ಅವಳಿಗೂ ತಾಯಿಯದೇ ಮೈ, ತಾಯಿಯದೇ ಮೊಣಕಾಲು. ಸಕ್ಕರೆ ಕಾಯಿಲೆ ಬೇರೆ ಇತ್ತು. ಮೊಣಕಾಲು ನೋಯತೊಡಗಿ, ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡುವ ಗತಿ ಬಂದ ಮೇಲೆ, ಆ ಸದ್ದು ಅವಳ ತಲೆಯಿಂದ ಹೋಗಲಿಲ್ಲ. ದಾವಣಗೆರೆಯ ಮೂಳೆ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಆಪರೇಷನ್ ಮಾಡಿ ಹೊಸ ಕೀಲು ಹಾಕಬಹುದು, ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಹಾಗಿಲ್ಲ ಎಂದರು.

‘ಹಂಗಾರ ಬ್ಯಾಡ ಬಿಡ್ರಿ ಸಾರ್,’ ಅಂದಳು.

‘ಯಾಕಮ್ಮ? ಈಗ ಎಲ್ಲರೂ ಕುರ್ಚಿ ಮೇಲೇ ಕೂರ್ತಾರೆ.’

‘ಇರೋತನಕ ಕುರ್ಚಿ ಆಗತೈತ್ರಿ. ಸತ್ತಮ್ಯಾಲೆ ನೆಲದ ಮ್ಯಾಲೆ ಕುಂದ್ರಬೇಕಲ್ರಿ. ನಮ್ಮವ್ವಗ ಮಾಡಿದಂಗ ನನಗ ಮಾಡಬಾರದು.’

ಡಾಕ್ಟರು ನನ್ನ ಮುಖ ನೋಡಿದರು. ನಾನು ವಿವರಿಸಿದೆ. ಅವರು ನಗಲಿಲ್ಲ. ಮೊಣಕಾಲು ಇನ್ನೂ ಪೂರ್ತಿ ಕೆಟ್ಟಿಲ್ಲ, ಮೈಭಾರ ಇಳಿಸಿ, ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡಿದರೆ ಮಡಚಲು ಬರಬಹುದು ಎಂದು ಹೇಳಿ, ಸಕ್ಕರೆ ಕಾಯಿಲೆಯ ಡಾಕ್ಟರ ಬಳಿ ಕಳಿಸಿದರು. ಅವರು ಎಲ್ಲ ಪರೀಕ್ಷೆ ಮಾಡಿಸಿ, ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟರು.

ಬೆಲೆ ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮದುವೆ, ಹಬ್ಬ ಇಲ್ಲದ ತಿಂಗಳಲ್ಲಿ ನನ್ನ ಯಂತ್ರ ದುಡಿಯುವುದಕ್ಕಿಂತ ಆ ಔಷಧಿಯ ಒಂದು ತಿಂಗಳ ಖರ್ಚೇ ಹೆಚ್ಚು. ಅವಳು ಮಹಿಳಾ ಸಂಘದಲ್ಲಿ ಕೂಡಿಟ್ಟದ್ದನ್ನು ತೆಗೆದಳು. ಕೊಟ್ಟೂರಿನಲ್ಲಿ ಆಗ ಆ ಔಷಧಿ ಇಡುತ್ತಿರಲಿಲ್ಲ. ಕೂಡ್ಲಿಗಿಯ ಮೆಡಿಕಲ್ ಶಾಪಿನವರು ತರಿಸಿಕೊಡುತ್ತಿದ್ದರು. ನಾನು ಊಟದ ಡಬ್ಬಿಯಲ್ಲಿ ಐಸ್ ಹಾಕಿಕೊಂಡು ಹೋಗಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ.

ಪಕ್ಕದ ಓಣಿಯಲ್ಲೇ ಇರುವ ನನ್ನ ಅಕ್ಕ ಒಂದು ದಿನ ಬಂದು ಫ್ರಿಜ್ಜಿನ ಬಾಗಿಲು ತೆಗೆದು ನೋಡಿದಳು.

‘ಉಣ್ಣಾಕ ರೊಕ್ಕ ಕೊಡೋದು ನೋಡೀನಿ. ಉಣ್ಣದಂಗ ಇರಾಕೂ ರೊಕ್ಕ ಕೊಡ್ತಾರೇನು? ನಮ್ಮನಿಗೆ ಬಾರವ್ವಾ, ಬಿಟ್ಟಿ ಉಪಾಸ ಕೆಡವತೀನಿ.’

‘ನಿಮ್ಮನಿ ಸಾರು ಉಂಡ್ರ ಹೆಂಗೂ ಹಸಿವು ಸಾಯತೈತಿ ಬಿಡ್ರಿ ಅಕ್ಕಾರ,’ ಅಂದಳು ನನ್ನ ಹೆಂಡತಿ. ಇಬ್ಬರೂ ನಕ್ಕರು.

ಮೊದಮೊದಲು ನಾವು ಒಂದು ತಪ್ಪು ಮಾಡಿದೆವು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ ಎಂದಿದ್ದರು. ಅವಳು ಸೋಮವಾರ ಗೊತ್ತು ಮಾಡಿದಳು. ಮದುವೆಗೆ ಮುಂಚಿನಿಂದಲೂ ಅವಳಿಗೆ ಸೋಮವಾರ ಒಪ್ಪತ್ತು. ಹಗಲೆಲ್ಲ ಏನೂ ತಿನ್ನದೆ ಸಂಜೆ ಪೂಜೆಯಾದ ಮೇಲೆ ಒಂದೇ ಊಟ. ಔಷಧಿ ಹಸಿವು ಕೊಲ್ಲುತ್ತದೆ, ಸೋಮವಾರ ಹೇಗೂ ಉಪವಾಸ, ಎರಡೂ ಒಂದೇ ದಿನ ಆದರೆ ಅನುಕೂಲ ಎಂದು ಅವಳ ಲೆಕ್ಕ. ನನಗೂ ಸರಿ ಅನ್ನಿಸಿತು. ಬೆಳಿಗ್ಗೆ ಚುಚ್ಚಿಕೊಂಡು, ಬರಿ ಹೊಟ್ಟೆಯಲ್ಲಿದ್ದು, ಸಂಜೆ ರೂಢಿಯಂತೆ ತುಪ್ಪ ಹಾಕಿದ ಗೋಧಿ ಹುಗ್ಗಿಗೆ ಕೂರುತ್ತಿದ್ದಳು. ಉಂಡದ್ದೆಲ್ಲ ವಾಂತಿ. ಮುಂದಿನ ಸೋಮವಾರವೂ ಅದೇ, ಅದರ ಮುಂದಿನದೂ ಅದೇ. ಔಷಧಿ ಒಗ್ಗಲಿಲ್ಲ, ಕಾಲಿನ ಆಸೆ ಇಲ್ಲಿಗೆ ಮುಗಿಯಿತು ಎಂದುಕೊಂಡೆವು. ಬಿಟ್ಟುಬಿಡುತ್ತೇವೆ ಎಂದು ಹೇಳಲೆಂದೇ ಡಾಕ್ಟರ ಬಳಿ ಹೋದೆವು.

ಅವರು ಯಾವ ದಿನ, ಏನು ಊಟ ಎಂದು ವಿಚಾರಿಸಿ ಹಣೆಗೆ ಕೈ ಇಟ್ಟುಕೊಂಡರು. ‘ದೇವರ ದಿನ ಬೇರೆ, ಔಷಧಿ ದಿನ ಬೇರೆ ಮಾಡ್ಕೊಳಮ್ಮ. ಸಕ್ಕರೆ ಇದ್ದವರು ಹಿಂಗೆ ಹೊಟ್ಟೆ ಬರಿದು ಮಾಡಬಾರದು. ಹುಗ್ಗಿ ಅಂತೂ ಬೇಡವೇ ಬೇಡ.’

ಅವಳು ಬುಧವಾರಕ್ಕೆ ಒಪ್ಪಿದಳು. ಸೋಮವಾರ ಹಗಲಲ್ಲಿ ಹಣ್ಣು, ಮಜ್ಜಿಗೆಗೆ ಒಪ್ಪಿದಳು. ಹುಗ್ಗಿ ಬಿಡಲು ಮಾತ್ರ ಬಸ್ಸು ಊರು ಮುಟ್ಟುವವರೆಗೂ ನನ್ನ ಕೂಡ ವಾದ ಮಾಡಿದಳು.

ಅಲ್ಲಿಂದ ಮುಂದೆ ಔಷಧಿ ತನ್ನ ಕೆಲಸ ಮಾಡಿತು. ಎರಡು ರೊಟ್ಟಿ ಉಣ್ಣುತ್ತಿದ್ದವಳು ಅರ್ಧಕ್ಕೇ ಕೈ ತೊಳೆದಳು. ಸಂಜೆ ಬೀದಿಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂದರೂ ಮಂಡಕ್ಕಿ ತರಿಸಲಿಲ್ಲ. ‘ಬಾಯಿ ಸುಮ್ಮನಾಗೈತ್ರಿ,’ ಅನ್ನುತ್ತಿದ್ದಳು, ‘ಇಷ್ಟು ವರ್ಷ ಒಳಗ ಯಾರೋ ಬೇಡ್ತಾನ ಇದ್ರು, ಎದ್ದು ಹೋದಂಗಾಗೈತಿ.’ ತೂಕದ ಯಂತ್ರ ನಮ್ಮ ಮನೆಯಲ್ಲಿಲ್ಲ. ನನಗೆ ತಿಳಿದದ್ದು ರವಿಕೆಯಲ್ಲಿ. ಮೊದಲು ಪಕ್ಕದ ಹೊಲಿಗೆ ಒಳಗೆ ತಂದೆ. ಮತ್ತೆ ತಂದೆ. ಆಮೇಲೆ ತೋಳನ್ನೂ ಬಿಚ್ಚಿ ಸಣ್ಣದು ಮಾಡಬೇಕಾಯಿತು. ಹೆಚ್ಚಾದ ಬಟ್ಟೆಯನ್ನು ನಾನು ಕತ್ತರಿಸದೆ ಒಳಗೇ ಮಡಚಿ ಬಿಟ್ಟದ್ದನ್ನು ಅವಳು ನೋಡಿದಳು.

‘ಯಾಕ್ರಿ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?’

‘ನಂಬಿಕಿ ಐತಿ ಲೇ. ಬಟ್ಟಿ ಕತ್ತರಿಸಿದ್ರ ಮತ್ತ ಕೂಡಂಗಿಲ್ಲ.’

ವ್ಯಾಯಾಮ ಬಿಡಲಿಲ್ಲ. ಮಂಚದ ಮೇಲೆ ಕುಳಿತು, ಪಾದಕ್ಕೆ ಟವೆಲ್ ಸುತ್ತಿ ಎಳೆಯುವುದು, ಹಲ್ಲು ಕಚ್ಚಿ ಮಡಚುವುದು. ಕುರ್ಚಿಯಿಂದ ಮಣೆಗೆ ಇಳಿದಳು. ಮಣೆಯ ಮೇಲೆ ಒಂದು ಕಾಲು ಚಾಚಿಕೊಂಡು ಪೂಜೆ ಮಾಡಿದಳು. ಒಂದು ಬೆಳಿಗ್ಗೆ ದೇವರ ಕೋಣೆಯಿಂದ ನನ್ನನ್ನು ಕರೆದಳು. ಬಿದ್ದಳೆಂದು ಓಡಿದೆ. ಬರಿ ನೆಲದ ಮೇಲೆ ಎರಡೂ ಕಾಲು ಮಡಚಿ ಕುಳಿತಿದ್ದಳು.

‘ಫೋಟೋ ಹೊಡೀರಿ,’ ಅಂದಳು. ‘ನಿಮ್ಮಕ್ಕಗ ಕಳಸ್ರಿ.’

ಸಂಘದ ದುಡ್ಡು ಮುಗಿದಾಗ ಔಷಧಿ ನಿಲ್ಲಿಸಬೇಕಾಯಿತು. ಡಾಕ್ಟರು ಮೊದಲೇ ಹೇಳಿದ್ದರು: ಇದು ಬಿಪಿ ಮಾತ್ರೆಯ ಹಾಗೆ, ಬಿಟ್ಟರೆ ಹಸಿವು ಮರಳುತ್ತದೆ, ತೂಕವೂ ಮರಳುತ್ತದೆ. ಹರಪನಹಳ್ಳಿಗೆ ಕೊಟ್ಟ ಮಗಳು ತಾನು ಕೊಡುತ್ತೇನೆಂದಳು. ‘ಕುಂದ್ರಾಕ ಬಂತಲ್ಲ, ಸಾಕವ್ವಾ. ನಿನ್ನ ಮನಿ ನೋಡ್ಕೋ,’ ಎಂದು ಇವಳು ಒಪ್ಪಲಿಲ್ಲ. ಡಾಕ್ಟರು ಹೇಳಿದ ಹಾಗೇ ಆಯಿತು. ಕೆಲವು ತಿಂಗಳಲ್ಲಿ, ಇಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಿರುಗಿ ಬಂತು. ನಾನು ಒಂದೊಂದೇ ರವಿಕೆಯ ಹೊಲಿಗೆ ಬಿಚ್ಚಿದೆ. ಆದರೆ ಅವಳು ದಿನಾ ನೆಲದ ಮೇಲೆ ಕೂರುವುದನ್ನು ಬಿಡಲಿಲ್ಲ. ಕೂರುವಾಗ ಗೋಡೆ ಹಿಡಿಯುತ್ತಿದ್ದಳು, ಅಷ್ಟೇ. ಕಡಿಮೆ ಬೆಲೆಯದು ಬಂದಿದೆ ಎಂದು ಕೂಡ್ಲಿಗಿಯವರು ಫೋನ್ ಮಾಡಿದಾಗ, ಮತ್ತೆ ಶುರು ಮಾಡೋಣ ಎಂದುಕೊಂಡೆವು. ಅದು ಮಾತಾಗಿಯೇ ಉಳಿಯಿತು.

ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಚಹ ಕುಡಿದು, ಎದೆ ಭಾರ ಆಗುತ್ತಿದೆ ಎಂದಳು. ಆಟೋ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಇಂಜೆಕ್ಷನ್ನಿನಿಂದ ಹೀಗಾಯಿತೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. ಬಿಟ್ಟು ಎಷ್ಟೋ ತಿಂಗಳಾಗಿದೆ, ಇದು ಅದರದ್ದಲ್ಲ, ಹೃದಯದ್ದು ಎಂದರು. ನಾನು ನಂಬಿದ್ದೇನೆ.

ಮನೆಗೆ ತಂದ ಮೇಲೆ ಹೆಂಗಸರು ಮೈ ತೊಳೆಯಲು ಒಳಗೆ ಎತ್ತಿಕೊಂಡು ಹೋದರು. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಜನ ಬಂದು ಕೈ ಹಿಡಿದು ಏನೇನೋ ಹೇಳುತ್ತಿದ್ದರು. ನನ್ನ ಕಿವಿಯೆಲ್ಲ ಒಳಗಿತ್ತು. ಕೊಡದಿಂದ ನೀರು ಸುರಿಯುವುದು, ಬಳೆಗಳ ಸಪ್ಪಳ, ‘ಈ ಕಡೆ ಹಿಡೀರಿ’ ಎಂಬ ಮಾತು ಕೇಳಿದವು. ಆಮೇಲೆ ಸುಮ್ಮನಾಯಿತು.

ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

‘ಕಾಲು ತಾವಾ ಮಡಚಿದುವು ತಮ್ಮಾ,’ ಅಂದಳು. ‘ಯಾರೂ ಒತ್ತಲಿಲ್ಲ.’

ಒಳಗೆ ಹೋದೆ. ಹಣೆಯ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ದಿನಾ ಕೂರುವ ಹಾಗೇ ಕುಳಿತಿದ್ದಳು. ಅವಳ ಪಕ್ಕ ನೆಲದ ಮೇಲೆ ನಾನೂ ಕುಳಿತೆ. ಅಳು ಬಂತು, ಅದರ ಜೊತೆಗೆ ಸಮಾಧಾನವೂ ಇತ್ತು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಮಧ್ಯಾಹ್ನದವರೆಗೂ ಅಲ್ಲೇ ಇದ್ದೆ. ಹೊರಡಿಸುವ ಹೊತ್ತಾಯಿತೆಂದು ಕರೆದಾಗ ಏಳಲು ಹೋದರೆ ನನ್ನ ಮೊಣಕಾಲೇ ಹಿಡಿದುಕೊಂಡಿತ್ತು. ಅಕ್ಕ ಕೈ ಕೊಟ್ಟು ಎಬ್ಬಿಸಿದಳು.