ಗೋಡೆಯ ಆಚೆಗಿನ ಮೇಣಬತ್ತಿಗಳು

ನವೆಂಬರ್ ಎರಡನೆಯ ತಾರೀಖು ಹತ್ತಿರ ಬಂತೆಂದರೆ ನನ್ನ ಹೊಟ್ಟೆ ಉರಿಯತೊಡಗುತ್ತದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚೇ ಅದು. ಅವತ್ತು ಕ್ಯಾಥೊಲಿಕರಿಗೆ ಸತ್ತವರ ಹಬ್ಬ. ನಮ್ಮೂರು ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ದಾರಿಯಲ್ಲಿದೆ. ಊರ ಹೊರಗೆ, ಕಬ್ಬಿನ ಹೊಲ ಮುಗಿಯುವಲ್ಲಿ, ಕ್ರೈಸ್ತರ ಸ್ಮಶಾನ. ಸ್ಮಶಾನ ಒಂದೇ, ನಡುವೆ ಸೊಂಟದೆತ್ತರದ ಕಲ್ಲಿನ ಗೋಡೆ. ಆಚೆ ಕ್ಯಾಥೊಲಿಕರು, ಈಚೆ ಪ್ರೊಟೆಸ್ಟಂಟರಾದ ನಾವು. ಆ ಸಂಜೆ ಗೋಡೆಯ ಆಚೆ ಗೋರಿಗೋರಿಗೂ ಸುಣ್ಣ ಬಳಿದಿರುತ್ತಾರೆ, ಚೆಂಡುಹೂವಿನ ಮಾಲೆ ಹಾಕಿರುತ್ತಾರೆ, ಸಾಲಾಗಿ ಮೇಣಬತ್ತಿ ಹಚ್ಚಿರುತ್ತಾರೆ. ಫಾದರು ಪವಿತ್ರ ಜಲ ಚಿಮುಕಿಸುತ್ತ, ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಯುತ್ತ ಹೋಗುತ್ತಾರೆ. ಈಚೆ ನಮ್ಮ ಕಡೆ ಕಸ, ಮುಳ್ಳು, ಕತ್ತಲು.

ನಮ್ಮಲ್ಲಿ ಗೋರಿಗೆ ದೀಪ ಹಚ್ಚಬಾರದು. ಪಾಸ್ಟರ್ ಎರಡು ವಾರಕ್ಕೊಮ್ಮೆ ಕಾಗವಾಡದ ಕಡೆಯಿಂದ ಬೈಕಿನ ಮೇಲೆ ಬಂದು ಹೋಗುತ್ತಾರೆ, ಹೀಗಾಗಿ ಉಳಿದ ದಿನ ಸಭೆಯ ಹಿರಿಯರೊಬ್ಬರದೇ ಮಾತು. ಹಿರಿಯರು ಬಸ್ಸಿನ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಟಿಕೆಟ್ ಇಲ್ಲದವರನ್ನು ನೋಡಿದ ಕಣ್ಣಿನಿಂದಲೇ ಈಗ ನಮ್ಮನ್ನೆಲ್ಲ ನೋಡುತ್ತಾರೆ. "ಸತ್ತವ್ರು ಕರ್ತನ ಕಡೆ ಹೋಗಿ ಮಲಗ್ಯಾರ. ಮಲಗಿದವ್ರ ತಲಿ ಹತ್ರ ದೀಪ ಯಾಕ ಬೇಕು?" ಎಂದು ಪ್ರತಿ ವರ್ಷ ಹೇಳುತ್ತಾರೆ. ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಆ ಸಂಜೆ ಗೋಡೆಯ ಹತ್ತಿರ ನಿಂತವರಿಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ.

ಹಾಗೆ ನೋಡಿದರೆ ಗೋಡೆಯ ಎರಡೂ ಕಡೆ ಮಲಗಿದವರು ಒಂದೇ ಕೇರಿಯವರು. ಒಂದು ಕಾಲಕ್ಕೆ ಅವರಲ್ಲಿ ಯಾರೂ ಊರ ಬಾವಿಯ ನೀರು ಮುಟ್ಟುವಂತಿರಲಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಅರ್ಧ ಮಂದಿ ಮಿಷನ್ ಸಾಹೇಬರ ಬೆನ್ನು ಹತ್ತಿದರು, ಅರ್ಧ ಮಂದಿ ಫಾದರುಗಳ ಬೆನ್ನು ಹತ್ತಿದರು. ಸಾಹೇಬರು ಗಂಟುಮೂಟೆ ಕಟ್ಟಿಕೊಂಡು ತಮ್ಮ ದೇಶಕ್ಕೆ ಹೋದರು, ನಮಗೆ ಒಂದು ತಗಡಿನ ಪ್ರಾರ್ಥನಾ ಮಂದಿರ ಬಿಟ್ಟರು. ಫಾದರುಗಳು ಹೋಗಲಿಲ್ಲ. ಶಾಲೆ ಕಟ್ಟಿಸಿದರು, ಸಿಸ್ಟರುಗಳನ್ನು ಕರೆಸಿ ದವಾಖಾನೆ ತೆಗೆಸಿದರು. ಆಚೆಯವರ ಮಕ್ಕಳು ಟೀಚರು, ನರ್ಸು ಆದರು. ಈಚೆಯವರಾದ ನಾವು ಬೀಡಿ ಕಟ್ಟುತ್ತ ಉಳಿದೆವು. ದೇವರು ಒಬ್ಬನೇ ಅನ್ನುತ್ತಾರೆ, ಇರಲಿ, ಅವನ ಕಾರಭಾರ ಮಾತ್ರ ಎರಡು ಥರ.

ನಮ್ಮವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಜುಗೂಳದಲ್ಲಿ ಕೃಷ್ಣಾ ನದಿಯ ದಂಡೆಯ ಮೇಲೆ ಒಂದೇ ಗುಡಿಸಲಿನಲ್ಲಿ ಬೆಳೆದವರು. ದೊಡ್ಡವ್ವನನ್ನು ಕ್ಯಾಥೊಲಿಕ್ ಮನೆಗೆ ಕೊಟ್ಟರು, ನಮ್ಮವ್ವನನ್ನು ಪ್ರೊಟೆಸ್ಟಂಟ್ ಮನೆಗೆ. ಇಬ್ಬರೂ ಇದೇ ಊರಿಗೆ ಬಂದರು. ದೊಡ್ಡವ್ವನ ಮಗಳು ನನಗಿಂತ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುತ್ತೇನೆ, ಅವಳು ನಮ್ಮವ್ವನನ್ನು ಮೌಶಿ ಎನ್ನುತ್ತಿದ್ದಳು. ಅಕ್ಕ ಈಗ ಸಿಸ್ಟರುಗಳ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಟೀಚರು. ನಾನು ಮನೆಯ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ.

ಈ ಅಕ್ಕನ ಮೇಲಿನ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಕ್ರಿಸ್ಮಸ್ಸಿಗೆ ಅವರ ಕಡೆ ಮಕ್ಕಳಿಗೆಲ್ಲ ಜಾಳಿಗೆಯ ಫ್ರಾಕು ಬರುತ್ತಿತ್ತು. ಅಕ್ಕ ತೊಟ್ಟು, ಮಾಸಿ, ಗಿಡ್ಡವಾದ ಮೇಲೆ ಅದು ನನಗೆ ಬರುತ್ತಿತ್ತು. "ಹೊಸಾದಂಗಽ ಐತಿ ನೋಡ" ಎಂದು ಅವ್ವ ತೊಡಿಸುತ್ತಿದ್ದಳು. ಏನು ಹೊಸದು, ಮಣ್ಣು! ಬಗಲಲ್ಲಿ ಅಕ್ಕನ ಬೆವರಿನ ಕಲೆ ಇರುತ್ತಿತ್ತು. ಮುಂದೆ ನನ್ನ ಮಗಳನ್ನು ಅದೇ ಶಾಲೆಗೆ ಸೇರಿಸಲು ಹೋದಾಗ, ಮೊದಲು ನಮ್ಮ ಚರ್ಚಿನ ಮಕ್ಕಳಿಗೆ, ಸೀಟು ಉಳಿದರೆ ಹೇಳುತ್ತೇವೆ ಎಂದು ಗೇಟಿನಲ್ಲೇ ಸಾಗಹಾಕಿದರು. ಸೀಟು ಉಳಿಯಲಿಲ್ಲ. ಆ ವಾರ ಅಕ್ಕ ತನ್ನ ಮಗಳ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದಳು. ಮತ್ತೆ ಹಳೆಯದು! ಮುಖದ ಮೇಲೆ ಎಸೆಯಬೇಕು ಅನ್ನಿಸಿತು. ಚಹಾ ಮಾಡಿ ಕೊಟ್ಟೆ.

ಅಕ್ಕ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ಒಳ್ಳೆಯವಳು. ಅದೇ ನನಗೆ ತಡೆಯಲಾಗದ ಸಂಗತಿ.

ಊರವರಿಗೆ ನಮ್ಮ ಈ ಜಗಳ ಗೊತ್ತೇ ಇಲ್ಲ. ಪೇಟೆಯಲ್ಲಿ ಒಬ್ಬ ಸಾಹುಕಾರರ ಮನೆಗೆ ನಾನು ಬ್ಲೌಸಿನ ಅಳತೆ ತೆಗೆದುಕೊಳ್ಳಲು ಹೋಗುತ್ತೇನೆ. ಆ ಮನೆಯ ಯಜಮಾನಿ, ನಾವು ವೈನಿ ಅನ್ನುವವರು, ಒಮ್ಮೆ ಕೇಳಿದರು, "ನೀ ಮತ್ತ ಆ ಟೀಚರು ಒಂದಽ ಅಲ್ಲೇನವಾ?"

"ಅಲ್ರಿ ವೈನಿ. ಅವರು ಪೂಜಿ ಮಂದಿ, ನಾವು ಪ್ರಾರ್ಥನಿ ಮಂದಿ."

"ಅಯ್ಯ, ನಿಮ್ಮೊಳಗೂ ಮತ್ತ ಎರಡ ಅದಾವೇನ!" ಎಂದು ನಕ್ಕರು. ಅವರ ಮನೆಯ ಕಟ್ಟೆಯ ಮೇಲೆ ನಮ್ಮಂಥವರಿಗೆ ಎಂದು ಬೇರೆ ಇಟ್ಟ ಸ್ಟೀಲಿನ ಲೋಟ ಮಾತ್ರ ಒಂದೇ. ಅಕ್ಕ ಅವರ ಮಗುವಿಗೆ ಟ್ಯೂಷನ್ ಹೇಳಲು ಹೋದಾಗಲೂ ಅದರಲ್ಲೇ ಚಹಾ ಕೊಡುತ್ತಾರೆ.

ಹೀಗಿರುವಾಗ ನನಗೆ ಈ ಊರಲ್ಲಿ ಸಮ ಎಂದು ಕೂರಲು ಇರುವ ಜಾಗ ಕರ್ತನ ಭೋಜನ ಒಂದೇ. ಹಬ್ಬದ ದಿನ ನಮ್ಮ ತಗಡಿನ ಮಂದಿರದಲ್ಲಿ ಎಲ್ಲರೂ ಒಂದೇ ರೊಟ್ಟಿ ಮುರಿಯುತ್ತೇವೆ, ಒಂದೇ ಬಟ್ಟಲಿಗೆ ಬಾಯಿ ಹಚ್ಚುತ್ತೇವೆ. ಹಿರಿಯರು ಕುಡಿದ ಬಟ್ಟಲಿನಿಂದ ನಾನು ಕುಡಿಯುತ್ತೇನೆ, ನಾನು ಕುಡಿದದ್ದರಿಂದ ಮುಂದಿನವರು. ಆ ಬಟ್ಟಲು ಕೈಗೆ ಬಂದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅದನ್ನು ತಪ್ಪಿಸುವುದೇ ನಮ್ಮಲ್ಲಿ ಶಿಕ್ಷೆ. ಸಿಸ್ಟರುಗಳ ದವಾಖಾನೆಯಲ್ಲಿ ಕೊಟ್ಟ ಜಪಮಾಲೆಯನ್ನು ಮಗುವಿನ ತೊಟ್ಟಿಲಿಗೆ ಕಟ್ಟಿದಳೆಂದು ಒಬ್ಬ ಬಾಣಂತಿಯನ್ನು ಹಿರಿಯರು ವರ್ಷವಿಡೀ ಭೋಜನದಿಂದ ಹೊರಗಿಟ್ಟಿದ್ದರು. ಪಾಪ, ಅವಳು ಹಿಂದಿನ ಬಾಗಿಲ ಹತ್ತಿರ ಕೂತು ಸೆರಗಿನ ಅಂಚು ತಿರುಚುತ್ತಿದ್ದಳು.

ದೊಡ್ಡವ್ವ ಸತ್ತ ಮೇಲೆ ನಮ್ಮವ್ವ ಪ್ರತಿ ವರ್ಷ ಆ ಸಂಜೆ ಗೋಡೆಯ ಈಚೆ ನಿಂತು ತನ್ನ ಅಕ್ಕನ ಗೋರಿಯನ್ನೇ ನೋಡುತ್ತಿದ್ದಳು. "ನಮ್ಮಕ್ಕನ ಮನಿ ಎಷ್ಟ ಬೆಳಕ ಆಗೇತಿ ನೋಡ" ಎನ್ನುತ್ತಿದ್ದಳು. ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ, ನನ್ನ ಕೈ ಹಿಡಿದುಕೊಂಡು ಹೇಳಿದಳು:

"ನಾ ಹೋದ ಮ್ಯಾಲ ನನಗೂ ಒಂದ ಮೇಣಬತ್ತಿ ಹಚ್ಚ. ನಾ ಎಲ್ಲಿದ್ದೇನಂತ ನಮ್ಮಕ್ಕಗ ಕಾಣಬೇಕ."

"ಹಿರ್ಯಾರು ಏನಂತಾರ ಬೇ?"

"ಅನ್ನಲಿ. ಅವರೇನ ಸಾಯೂದಿಲ್ಲೇನ?"

ನಗು ಬಂತು. ಆದರೂ ಹಚ್ಚುತ್ತೇನೆ ಎಂದು ನನ್ನ ಬಾಯಿಂದ ಹೊರಡಲಿಲ್ಲ. ಬಟ್ಟಲು ನನ್ನನ್ನು ದಾಟಿ ಹೋಗುವುದು ಕಣ್ಣ ಮುಂದೆ ಬಂತು. ಅವ್ವ ನನ್ನ ಮುಖ ನೋಡಿ ಕೈ ಬಿಟ್ಟಳು. ಬೇಸಿಗೆಯಲ್ಲಿ ತೀರಿಕೊಂಡಳು. ಗೋಡೆಯ ಈಚೆ, ದೊಡ್ಡವ್ವನಿಗೆ ಆದಷ್ಟು ಹತ್ತಿರದ ಜಾಗದಲ್ಲಿ ಮಣ್ಣು ಮಾಡಿದೆವು.

ನವೆಂಬರ್ ಬಂತು. ಹೋಗುವುದೇ ಬೇಡ ಎಂದುಕೊಂಡು ಮಷಿನ್ ಮುಂದೆ ಕೂತೆ. ಎರಡು ಸಲ ತೋಳು ಉಲ್ಟಾ ಹೊಲಿದೆ. ಸಂಜೆ, ಕಸ ಕಿತ್ತು ಬರುತ್ತೇನೆ ಎಂದು ಗಂಡನಿಗೆ ಹೇಳಿ ಹೊರಟೆ. ಕೈಯಲ್ಲಿ ಕುರುಪಿ ಬಿಟ್ಟರೆ ಏನೂ ಇರಲಿಲ್ಲ.

ಸ್ಮಶಾನದ ಗೇಟು ದಾಟಿದಾಗ ಆಚೆ ಕಡೆ ಎಂದಿನಂತೆ ಬೆಳಕು, ಮಂದಿ, ಜಪ. ಆದರೆ ಈಚೆ ಕಡೆಯೂ ಒಂದು ದೀಪ ಉರಿಯುತ್ತಿತ್ತು. ನಮ್ಮ ಕಡೆ ಅದೊಂದೇ. ನಮ್ಮವ್ವನ ಗೋರಿಯ ಮೇಲೆ. ಅದರ ಮುಂದೆ ಅಕ್ಕ ಕುಕ್ಕರಗಾಲಲ್ಲಿ ಕೂತು, ಗಾಳಿ ತಾಗದಂತೆ ಕೈ ಅಡ್ಡ ಹಿಡಿದಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಕಣ್ಣು ತುಂಬಿ ಬರುತ್ತಿತ್ತೇನೋ. ನನಗೆ ಮೈಯೆಲ್ಲ ಬೆಂಕಿ ಹತ್ತಿತು. ಅವಳಿಗೆ ಶಾಲೆ ಇದೆ, ಸಂಬಳ ಇದೆ, ಅವಳ ಅವ್ವನ ಗೋರಿಯ ಮೇಲೆ ಸಾಲು ದೀಪ ಇದೆ. ಅದೆಲ್ಲ ಸಾಲದೇ ಈಗ ನಮ್ಮವ್ವನೂ ಬೇಕಾಯಿತೇನು? ನಾಳೆ ಅವ್ವ ಎಲ್ಲಿಂದಾದರೂ ನೋಡಿದರೆ, ಮಗಳು ಬರಲಿಲ್ಲ, ಅಕ್ಕನ ಮಗಳು ಬಂದಳು ಅಂದುಕೊಳ್ಳುತ್ತಾಳೆ. ನಾನು ಓಡಿದವಳೇ ಬಗ್ಗಿ ಫೂ ಎಂದು ಊದಿ ಆರಿಸಿಬಿಟ್ಟೆ.

ಅಕ್ಕ ಗಾಬರಿಯಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಏನ ಮಾಡಿದಿ ಬೇ ಇದು? ಸತ್ತವರ ದೀಪ ಆರಸ್ತಾರೇನ ಯಾರರ?"

"ನಿಮ್ಮ ಕಡಿ ಗೋರಿ ಸಾಲಲಿಲ್ಲೇನ ನಿನಗ?"

"ಮೌಶಿ ನನಗೂ ಹೇಳಿದ್ಲು. ನಿನಗ ತ್ರಾಸ ಆಗತೈತಿ, ನೀನರ ಹಚ್ಚ ಅಂತ."

ಅಂದರೆ ಅವ್ವ ನನ್ನ ಮುಖ ನೋಡಿ ಕೈ ಬಿಟ್ಟ ಮೇಲೆ ಇವಳನ್ನು ಕೇಳಿದ್ದಳು. ಇವಳು ಹೂಂ ಅಂದಿದ್ದಳು. ಇದಕ್ಕಿಂತ ಅವಳು ನನ್ನ ಕಪಾಳಕ್ಕೆ ಹೊಡೆದಿದ್ದರೆ ಚಲೋ ಇತ್ತು.

"ಕಡ್ಡಿಪೆಟ್ಟಿಗಿ ಕೊಡ" ಅಂದೆ.

"ಯಾಕ?"

"ಕೊಡ ಅಂದ್ರ ಕೊಡ."

ಕೊಟ್ಟಳು. ಗೀರಿದ ಕಡ್ಡಿಗಳು ಒಂದರ ಹಿಂದೊಂದು ಆರಿದವು. "ಗಾಳಿಗೆ ಬೆನ್ನ ಮಾಡಿ ಹಚ್ಚ" ಎಂದು ಅವಳು ಹೇಳಿದ್ದಕ್ಕೂ ಸಿಟ್ಟು ಬಂತು, ಆದರೆ ಹಾಗೇ ಮಾಡಿದೆ. ಬತ್ತಿ ಹತ್ತಿತು. ಮೇಣಬತ್ತಿ ಅವಳದು, ಕಡ್ಡಿ ಅವಳದು. ಹಚ್ಚಿದ ಕೈ ನನ್ನದು. "ಈಗ ನೀ ಹೋಗ, ನಿಮ್ಮವ್ವನ ಹತ್ರ" ಎಂದೆ. ಅಕ್ಕ ಗೇಟು ಸುತ್ತಿ ತನ್ನ ಕಡೆ ಹೋದಳು. ನಾನು ಬತ್ತಿ ಅರ್ಧ ಇಳಿಯುವ ತನಕ ಕೂತೆ. ಆಮೇಲೆ ಗಾಳಿ ಜೋರಾಗಿ ಅದು ತಾನೇ ಆರಿತು.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುವ ನಮ್ಮವರು ಯಾರೋ ಉಳಿದ ತುಂಡನ್ನು ನೋಡಿ ಹಿರಿಯರಿಗೆ ಮುಟ್ಟಿಸಿದರು. ಕ್ರಿಸ್ಮಸ್ ಇನ್ನೇನು ಬಂತು ಅನ್ನುವಾಗ ಹಿರಿಯರು ನಮ್ಮ ಪಡಸಾಲೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಗದರಿಸುತ್ತಾರೆ ಅಂದುಕೊಂಡಿದ್ದೆ. ದನಿ ಬೆಣ್ಣೆಯ ಹಾಗಿತ್ತು.

"ನೋಡ ಮಗಳ, ನಿನ್ನ ತಪ್ಪಿಲ್ಲಂತ ನನಗ ಗೊತ್ತೈತಿ. ಆ ಮೇಣಬತ್ತಿ ಮ್ಯಾಲ ಕೆಂಪ ಶಿಲುಬಿ ಐತಿ, ಸಿಸ್ಟರ್ ಮಂದಿ ತಮ್ಮ ಚರ್ಚಿನ್ಯಾಗ ಕೊಡೂದು ಅದು. ಆ ಟೀಚರ್ ಬಾಯಿ ಬಂದ ಹಚ್ಚ್ಯಾಳ. ರವಿವಾರ ಸಭಾದಾಗ ಎದ್ದ ನಿಂತ ಅಷ್ಟ ಹೇಳಿಬಿಡ. ನಾ ಹಚ್ಚಿಲ್ಲ, ಆಕಿ ಹಚ್ಚ್ಯಾಳ, ಅಂತ. ಕ್ರಿಸ್ಮಸ್ ಭೋಜನಕ್ಕ ಮದಲಿನಂಗ ಕೂಡ್ರು. ಫಾದರ್‌ಗ ಮಾತಾಡಿ ಆ ಗೋಡಿ ಎತ್ತರ ಮಾಡಸೂದು ನಮಗ ಬಿಡ."

"ಇಲ್ಲಂದ್ರರಿ ಕಾಕಾ?"

"ಇಲ್ಲಂದ್ರ ಬಟ್ಟಲಾ ನಿನ್ನ ದಾಟಿ ಹೋಗತೈತಿ. ನಾ ಏನ ಮಾಡ್ಲಿ? ಎಲ್ಲಾರಿಗೂ ಒಂದಽ ನ್ಯಾಯ."

ಅವರು ಹೋದ ಮೇಲೆ ನನ್ನ ಗಂಡ, "ಹೇಳಿಬಿಡ. ಸುಳ್ಳೇನಲ್ಲಲ್ಲ, ಮದಲ ಆಕೀನಽ ಹಚ್ಚಿದ್ಲು" ಅಂದ. ಅವನ ಮಾತೂ ನಿಜ. ಅಕ್ಕನಿಗೆ ಇದರಿಂದ ಆಗುವ ನಷ್ಟವೂ ಏನಿಲ್ಲ, ಅವಳ ಚರ್ಚು ಅವಳನ್ನು ಹೊರಗೆ ಹಾಕುವುದಿಲ್ಲ. ಎಷ್ಟು ತಿರುಗಿಸಿ ನೋಡಿದರೂ ಹೇಳುವುದೇ ಸುಲಭ ಇತ್ತು. ಹೇಳುತ್ತೇನೆ ಎಂದು ನಿರ್ಧಾರ ಮಾಡಿಕೊಂಡೇ ರವಿವಾರ ಮಂದಿರಕ್ಕೆ ಹೋದೆ.

ಹಾಡು ಮುಗಿಯಿತು. ಹಿರಿಯರು ನನ್ನ ಕಡೆ ನೋಡಿ, ಏಳು ಎಂದು ಸನ್ನೆ ಮಾಡಿದರು. ಎದ್ದು ನಿಂತೆ. ಎಲ್ಲರೂ ತಿರುಗಿ ನೋಡಿದರು. "ಆ ಮೇಣಬತ್ತಿ" ಎಂದು ಶುರು ಮಾಡಿದೆ. ಮುಂದಿನ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆಗ ನನಗೆ ಒಮ್ಮೆಲೇ ಹೊಳೆಯಿತು. ಈಗ ನಾನು 'ಆಕಿ ಹಚ್ಚ್ಯಾಳ' ಎಂದರೆ ಅದು ಖಾಯಂ ಆಗುತ್ತದೆ. ಇನ್ನು ಮುಂದೆ ಈ ಊರಲ್ಲಿ ನಮ್ಮವ್ವನಿಗೆ ದೀಪ ಹಚ್ಚಿದವಳು ಅಕ್ಕ. ಹಿರಿಯರು ಬೈಯುತ್ತಲೇ ಅದನ್ನು ಅವಳ ಹೆಸರಿಗೆ ಬರೆದು ಕೊಟ್ಟ ಹಾಗೆ. ಹೆಂಗಸರು ನಳದ ಹತ್ತಿರ ಬಟ್ಟೆ ಒಗೆಯುತ್ತ, ಮಗಳಿಗಿಲ್ಲದ ಅಂತಃಕರಣ ಅವಳಿಗಿತ್ತು ನೋಡು ಅನ್ನುತ್ತಾರೆ. ಇದೂ ಅವಳಿಗೇ! ಇದನ್ನೂ ಅವಳಿಗೇ ಕೊಟ್ಟು ಕೂರಲೇನು?

"ನಾನಽ ಹಚ್ಚೇನ್ರಿ" ಅಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು.

ಹಿರಿಯರು, "ಸರಿಯಾಗಿ ನೆನಪ ಮಾಡ್ಕೋ ಮಗಳ. ಆಕಿ ಅಲ್ಲಿಗೆ ಬಂದಿದ್ಲಿಲ್ಲೊ?" ಎಂದರು.

"ಯಾರ ಬಂದ್ರೇನ, ಹೋದ್ರೇನ್ರಿ? ನಮ್ಮವ್ವ ನನಗ ಹೇಳಿದ್ಲು, ನಾ ಹಚ್ಚೇನಿ. ಬ್ಯಾರೆ ಯಾರೂ ಹಚ್ಚಿಲ್ಲ."

ಕ್ರಿಸ್ಮಸ್ ದಿನ ಬಟ್ಟಲು ನನ್ನ ಸಾಲಿಗೆ ಬಂತು. ನನ್ನ ಗಂಡ ಕುಡಿದು, ಒಂದು ಗಳಿಗೆ ತಡೆದು, ನನ್ನ ಮುಂದಿನಿಂದ ಕೈ ಚಾಚಿ ಆಚೆ ಕೂತವರಿಗೆ ದಾಟಿಸಿದ. ಅಷ್ಟು ಹತ್ತಿರದಿಂದ ಹೋಯಿತು, ದ್ರಾಕ್ಷಾರಸದ ವಾಸನೆ ಬಂತು. ಅಳಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ, ಆದರೂ ಅಳು ಬಂತು.

ಸಂಜೆ ಅಕ್ಕ ಕರಂಜಿ, ಚಕ್ಕುಲಿ ತುಂಬಿದ ತಾಟಿನೊಂದಿಗೆ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಬಾಗಿಲಲ್ಲೇ ನನ್ನ ಕೈ ಹಿಡಿದು ಅತ್ತಳು. "ನನ್ನ ಹೆಸರ ಹೇಳಿದ್ರ ನೀ ಪಾರಾಗತಿದ್ದಿ. ನನ್ನ ಮ್ಯಾಲ ಮಾತ ಬರಬಾರದಂತ ನೀ ಅಷ್ಟ ಮಂದ್ಯಾಗ ಎಲ್ಲಾ ಮೈಮ್ಯಾಲ ಹಾಕ್ಕೊಂಡಿ. ಒಡಹುಟ್ಟಿದವ್ರೂ ಇಷ್ಟ ಮಾಡೂದಿಲ್ಲ."

"ಯಕ್ಕಾ, ನಿನ್ನ ಸಲುವಾಗಿ ಮಾಡಿಲ್ಲ ನಾ" ಅಂದೆ. "ಅದೊಂದ ನಿನಗ ಬಿಟ್ಟ ಕೊಡೂದು ನನಗ ಆಗಲಿಲ್ಲ."

ಅಕ್ಕ ಅಳು ನಿಲ್ಲಿಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾರ ಮುಂದಿನ ವರ್ಷ ನಾ ಮೌಶಿಗೆ ಹಚ್ಚೂದ ಬ್ಯಾಡೇನ?"

"ಬ್ಯಾಡ" ಅಂದೆ.