ಬಣ್ಣಗಾರನ ಕೈಯಾಗ ಕುರಿ ಎದಿ ರಕ್ತ

ನನ್ನ ಗಂಡ ಗೂಳಪ್ಪಗ ಸುಮ್ಮನ ಕುಂಡ್ರು ಅಂದ್ರ ಮೈಯಾಗ ಇರಿವಿ ಬಿಟ್ಟಂಗ ಆಗತೈತಿ. ಬನಹಟ್ಟಿಯೊಳಗ ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಮನಿಷ್ಯಾ. ಬಣ್ಣದ ಕಾರಖಾನಿ ಬಂದ್ ಆದ ಮ್ಯಾಲ ಇಬ್ಬರಿಗೂ ಜಮಖಂಡಿ ಹಾದ್ಯಾಗಿನ ಒಂದು ಪಶು ಪ್ರಯೋಗಶಾಲಿಯೊಳಗ ಕೆಲಸ ಸಿಕ್ತು. ನಾ ಕುರಿಗೆ ಮೇವು-ನೀರು ನೋಡಾಕಿ, ಅಂವಾ ಸಾಮಾನು ತೊಳಿಯಾಂವ, ಅತ್ತಿಂದಿತ್ತ ಒಯ್ಯಾಂವ.

ಅಲ್ಲಿ ಐಶ್ವರ್ಯ ಅಂತ ಡಾಕ್ಟರು, ಇನ್ನೂ ಮೂವತ್ತು ತುಂಬದ ಹುಡುಗಿ. ಕುರಿಗೆ ಮಂಪರು ಕೊಟ್ಟು, ಕೊರಳಿನ ನರದಾಗಿಂದ ಶಾವಿಗಿಯಂಥಾ ನಳಿಗಿ ಎದಿಗುಂಡಿಗಿ ತನಕ ಇಳಿಸಿ, ಎದಿ ತಾನ ಬಳಸಿ ಬಿಟ್ಟ ರಕ್ತ ಒಂದೀಟು ತಗೀತಿದ್ಲು. ಎದಿ ಮುಂದಿನ ಭಾಗದ್ದು ಒಂದು ಗಾಜಿನ ಕೊಳವಿ, ಎಲ್ಲಾ ಭಾಗದ ರಕ್ತ ಕೂಡಿ ಬರೋ ಜಾಗಾದ್ದು ಇನ್ನೊಂದು.

"ಯಾವ ಭಾಗಕ್ಕ ರಕ್ತ ಕಡಿಮಿ ಮುಟ್ಟತೈತಿ, ಆ ಭಾಗ ಬಂದಷ್ಟು ರಕ್ತದಾಗಿನ ಪ್ರಾಣವಾಯು ಹಿಂಡಿ ತಗೋತೈತಿ ಶೇವಂತಕ್ಕ. ಅಲ್ಲಿಂದ ಹೊರಗ ಬರೋದು ಕಪ್ಪ ಇರತೈತಿ," ಅಂತ ನನಗ ತಿಳಿಸಿ ಹೇಳಿದ್ಲು. ಸಂಜಿಕ ಅದ ಕುರಿ ಎದ್ದು ನನ್ನ ಕೈಯಾಗಿನ ಗೋವಿನಜೋಳ ತಿಂತಿತ್ತು. ಇಲ್ಲಾಂದ್ರ ನಾ ಅಲ್ಲಿ ಒಂದಿನಾನೂ ನಿಲ್ತಿದ್ದಿಲ್ಲ.

ಆದ್ರ ಒಂಬತ್ತು ಕುರಿ ಆದ್ರೂ ಫಲಿತಾಂಶ ಸರಿ ಬರಲಿಲ್ಲ. ರಕ್ತ ತಪಾಸ ಮಾಡೋ ಮಿಷನ್ನಿಗೆ ಹಾಕಿದ್ರ ಎರಡೂ ಕೊಳವಿ ರಕ್ತದಾಗ ಪ್ರಾಣವಾಯು ಜಾಸ್ತಿನ. "ನಳಿಗಿ ಬ್ಯಾರೆ ಕಡೆ ಹೋಗಾಕತ್ತೈತಿ, ನನ್ನ ಕೈ ಈ ಕೆಲಸಕ್ಕ ಬರೂದಿಲ್ಲ," ಅಂತ ಹುಡುಗಿ ಊಟ ಬಿಟ್ಲು. ಕೆಲಸ ನಿಲ್ಲಸ್ತೀನಂತ ದೊಡ್ಡ ಡಾಕ್ಟರಿಗೆ ಪತ್ರ ಕೊಡಾಕ ತಯಾರಾದ್ಲು.

ಆವತ್ತ ಶುಕ್ರವಾರ. ಸಮೀರವಾಡಿ ಸಕ್ರಿ ಕಾರಖಾನಿಗೆ ಹೊಂಟ ಕಬ್ಬಿನ ಟ್ರ್ಯಾಕ್ಟರು ಹಾದಿ ಕಟ್ಟಿ ಬಸ್ಸು ಅರ್ಧಾ ತಾಸು ನಿಂತ್ರೂ ನಮ್ಮಾಂವ ಕಂಡಕ್ಟರನ ಕೂಡ ಜಗಳ ತಗೀಲಿಲ್ಲ. ಏನೋ ಐತಿ ಅಂತ ನನಗ ಗೊತ್ತಾತು. ಮನಿಗೆ ಬಂದು ಅಂದ, "ಶೇವಂತಿ, ತಪ್ಪು ನಂದು."

ಕೊಳವಿ ಮಿಷನ್ನಿನ ಖೋಲಿಗೆ ಒಯ್ಯಾಂವ ಇವನ. ನಡುವ ಬಿಸಿಲು ಬೀಳೋ ಪಡಸಾಲಿ. ಬಣ್ಣಗಾರ ಅಲ್ಲರೀ, ಕೈಯಾಗ ಬಣ್ಣ ಸಿಕ್ಕ ಮ್ಯಾಲ ಬಿಸಿಲಿಗೆ ಹಿಡದು ನೋಡಲಾರದ ಇರತಾನೇನು? ಕೊಳವಿ ಬಾಯಿ ಬೂಚ ತಗದು, ನಾಕ ಸಲ ಅಲಗಾಡಿಸಿ, ನೋಡಿ, ಮತ್ತ ಬೂಚ ಹಾಕತಿದ್ದನಂತ. ಕಡಾಯಿಯಿಂದ ತಗದ ನೂಲಿನ ಲಡಿ ಗಾಳಿಗೆ ಝಾಡಿಸಿದ್ರ ಬಣ್ಣ ಹೆಂಗ ತಿರಗತೈತಿ, ಹಂಗ ಅವತ್ತ ನೇರಳಿ ಹಣ್ಣಿನ ಬಣ್ಣದ ರಕ್ತ ಅವನ ಕಣ್ಣ ಮುಂದ ಕೆಂಪಾತಂತ. ಹೊರಗಿನ ಗಾಳಿ ಕುಡದಿತ್ತು; ಮಿಷನ್ನು ತೋರಸ್ತಿದ್ದದ್ದು ಆ ಗಾಳಿಯಾಗಿನ ಪ್ರಾಣವಾಯು.

"ಮೂವತ್ತು ವರ್ಷ ಬಣ್ಣದಾಗ ಇದ್ದಾಂವಗ ಇದು ತಿಳಿಯಾಕ ಒಂಬತ್ತು ಕುರಿ ಬೇಕಾದ್ವೇನು?" ಅಂತ ಬೈದೆ. ಆಮ್ಯಾಲ, "ಬಾಯಿ ಬಿಡಬ್ಯಾಡ. ನಾಳಿಂದ ಬೂಚ ಮುಟ್ಟಬ್ಯಾಡ, ತಾನ ಸರಿ ಆಗತೈತಿ. ಹೇಳಿದ್ರ ಇಬ್ಬರದೂ ಕೆಲಸ ಹೋಗತೈತಿ," ಅಂದೆ. ನನಗ ಖರೇನ ಅಂಜಿಕಿ ಆಗಿತ್ತು.

ಮರುದಿನ ನೋಡಿದ್ರ ಐಶ್ವರ್ಯ ಕುರಿನ ತರಸಲಿಲ್ಲ. ಪತ್ರ ಬರಕೋತ ಕುಂತಿದ್ಲು, ಕಣ್ಣು ಬಾತಿದ್ವು. ಗೂಳಪ್ಪ ಬಕೀಟು ಅಲ್ಲೇ ಇಟ್ಟು ಒಳಗ ಹೋದ. ನಾ ಬಾಗಲದ ಹೊರಗ ನಿಂತು ಕೇಳಿದೆ. ತಾ ಮಾಡಿದ್ದೆಲ್ಲಾ ಹೇಳಿದ, ಒಂದೂ ಬಿಡಲಿಲ್ಲ.

"ಒಂಬತ್ತು ಕುರಿ, ಗೂಳಪ್ಪಣ್ಣ," ಅಂದ್ಲು. ಸಿಟ್ಟಿಲೆ ಪೆನ್ನು ಮೇಜಿನ ಮ್ಯಾಲ ಕುಕ್ಕಿದ್ಲು. ಆಮ್ಯಾಲ ಪತ್ರ ಬದಿಗೆ ಸರಿಸಿ, "ಕುರಿ ತರ್ರಿ," ಅಂದ್ಲು.

ಮಧ್ಯಾಹ್ನ ಕೊಳವಿ ಅಕೀನ ಒಯ್ದು ಮಿಷನ್ನಿಗೆ ಹಾಕಿದ್ಲು. ಮುಂದಿನ ಭಾಗದ ರಕ್ತದಾಗ ಪ್ರಾಣವಾಯು ಎಷ್ಟು ಕಡಿಮಿ ಇರಬೇಕಿತ್ತು, ಅಷ್ಟೇ ಬಂತು. ನೆಲದ ಮ್ಯಾಲ ಕುಂತು ಒಂದ ಸವನ ನಕ್ಕಳು. "ಗೂಳಪ್ಪಣ್ಣ, ಸೋಮವಾರದಿಂದ ನೀವ ಒಯ್ರಿ. ಬಿಸಿಲಿಗೂ ನೋಡ್ರಿ, ಆದ್ರ ಬೂಚ ತಗೀಲಾರದ ನೋಡ್ರಿ," ಅಂದ್ಲು. ನೆಲದಿಂದ ಎದ್ದು ಕೇಳಿದ್ಲು, "ನಿನ್ನೆನ ಗೊತ್ತಿತ್ತಲ್ಲ. ಮುಂಜಾನಿ ಬಂದ ಕೂಡಲೆ ಯಾಕ ಹೇಳ್ಲಿಲ್ಲ? ಪತ್ರ ಕೊಟ್ಟಬಿಟ್ಟಿದ್ರ?"

ಗೂಳಪ್ಪ ತಲಿ ಬಗ್ಗಿಸಿದ. "ನನಗ ಧೈರ್ಯ ಆಗಲಿಲ್ಲರೀ."

ಸಾರಿಗೆ ಉಪ್ಪು ಕಡಿಮಿ ಬಿದ್ರ ಓಣಿಗೆಲ್ಲಾ ಕೇಳೂವಂಗ ನನ್ನ ಹೆಸರು ಹೇಳೋ ಗಂಡಸು. ಅವತ್ತ ಹೇಳಲಿಲ್ಲ. ನನ್ನ ಎದಿ ತುಂಬಿ ಬಂತು, ನಾಚಿಕಿನೂ ಬಂತು. ಬಾಗಲದಾಗ ಹೊತಕೊಂಡು ನಿಂತಿದ್ದ ಮೇವಿನ ಬುಟ್ಟಿ ಇಳಿಸಿ ಒಳಗ ಹೋಗಿ ಅಂವನ ಬಾಜೂಕ ನಿಂತೆ.

"ಸುಳ್ಳು ಹೇಳಾಕತ್ತಾನರೀ ಡಾಕ್ಟರ," ಅಂದೆ. "ಹೇಳಬ್ಯಾಡ ಅಂದಾಕಿ ನಾನು."